ಲೂಪ್ ಟೆಸ್ಟರ್ 38 ಓಂ ತೋರಿಸಿದರೆ ಮನೆಯ ಅರ್ಥಿಂಗ್ ಕೆಟ್ಟಿದೆ ಅಂತಲಾ?

ಓದುಗರ ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನಲ್ಲಿ ತೋಟದ ಮನೆ. ಟಿಸಿ (ಟ್ರಾನ್ಸ್‌ಫಾರ್ಮರ್) ಮನೆಯಿಂದ ಸುಮಾರು 400 ಮೀಟರ್ ದೂರ ಇದೆ. ಕಳೆದ ತಿಂಗಳು ಬಚ್ಚಲಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನತೊಡಗಿತು. ಗೀಸರ್ ಆಫ್ ಮಾಡಿದರೆ ನಿಲ್ಲುತ್ತದೆ, ಆನ್ ಮಾಡಿದರೆ ಮತ್ತೆ ಶುರು. ಗೀಸರಿಗೆ 20 ಆಂಪಿಯರಿನ ಸಿ ಮಾದರಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದೆ. ಅದು ಬೀಳಲೇ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ತಮ್ಮ ತನ್ನ ಸ್ನೇಹಿತರಿಂದ, ಅರ್ಥಿಂಗ್ ದಾರಿಯ ತಡೆ ಅಳೆಯುವ ಲೂಪ್ ಟೆಸ್ಟರ್ ತಂದು ನೋಡಿದ. ನಮ್ಮಲ್ಲಿ 38 ಓಂ ಬಂತು, ಅವನ ಫ್ಲ್ಯಾಟಿನಲ್ಲಿ 0.6 ಓಂ. ನಮ್ಮ ಮನೆ ಅಷ್ಟೊಂದು ಕೆಟ್ಟಿದೆಯಾ? ಊರಿನ ಎಲೆಕ್ಟ್ರಿಷಿಯನ್ ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಾಕಿ, ಚೆನ್ನಾಗಿ ಉರಿಯುತ್ತಿದೆ, ಅರ್ಥಿಂಗ್ ಸೂಪರ್ ಅಂದರು. ಇನ್ನೊಬ್ಬರು ಎರಡು ಕೆಮಿಕಲ್ ಪಿಟ್ (ಪುಡಿ ತುಂಬಿದ ಅರ್ಥಿಂಗ್ ಗುಂಡಿ) ಹಾಕಿದರೆ ಒಂದು ಓಂಗೆ ಇಳಿಯುತ್ತದೆ ಅಂದರು. ಮತ್ತೊಬ್ಬರು ಬೋರ್ಡಿನಲ್ಲೇ ನ್ಯೂಟ್ರಲ್‌ಗೆ ಅರ್ಥ್ ಸೇರಿಸಿಬಿಡಿ, ಎಂಸಿಬಿ ತಾನಾಗಿ ಬೀಳುತ್ತದೆ ಅಂದರು. ಮೊದಲು ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಇತ್ತು. ಮಳೆ ಬಂದಾಗೆಲ್ಲ ಬೀಳುತ್ತಿತ್ತು ಅಂತ ಹೋದ ವರ್ಷ ಬೈಪಾಸ್ ಮಾಡಿಸಿದೆವು. ಯಾರ ಮಾತು ಕೇಳಬೇಕು? ಈ ಓಂ ಲೆಕ್ಕ ಹಾಕುವುದು ಹೇಗೆ, ಎಷ್ಟಿರಬೇಕು?

ಉತ್ತರ: ಲೆಕ್ಕಕ್ಕೆ ಹೋಗುವ ಮುಂಚೆ ಒಂದು ಮಾತು. ಆ ಗೀಸರನ್ನು ಈಗಲೇ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಎಲಿಮೆಂಟ್ (ನೀರು ಕಾಯಿಸುವ ಸುರುಳಿ) ಬದಲಿಸಿ, ಸೋರಿಕೆ ಇದೆಯಾ ಅಂತ ನೋಡುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷೆ ಮಾಡಿಸುವವರೆಗೆ ಮತ್ತೆ ಹಾಕಬೇಡಿ. ಎಲಿಮೆಂಟಿನ ಕೊಳವೆ ಎಲ್ಲೋ ಬಿರುಕು ಬಿಟ್ಟು ನೀರು ಒಳಗೆ ಹೋಗಿರಬೇಕು. ಈಗ ಸ್ವಲ್ಪ ಕರೆಂಟು ಮಾತ್ರ ಗೀಸರಿನ ಲೋಹದ ಬಾಡಿಗೆ ಸೋರುತ್ತಿದೆ. ಅದಕ್ಕೇ ಜುಮ್ ಅನ್ನುವಷ್ಟರಲ್ಲಿ ನಿಂತಿದೆ. ನಾಳೆ ಅದು ಪೂರ್ತಿ ತಾಗಿದರೆ ಏನಾಗುತ್ತದೆ ಅನ್ನುವುದನ್ನು ಕೆಳಗೆ ಲೆಕ್ಕ ಹಾಕಿ ತೋರಿಸುತ್ತೇನೆ.

ನಿಮ್ಮ ಮೂಲ ಪ್ರಶ್ನೆ ಎರಡು ಸಂಖ್ಯೆಗಳದ್ದು. ಇಲ್ಲಿ 38, ಅಲ್ಲಿ 0.6. ಇವೆರಡನ್ನು ಹೋಲಿಸಿ ಒಂದು ಮನೆ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅನ್ನುವಂತಿಲ್ಲ. ಎರಡು ಕಡೆಯೂ ಫಾಲ್ಟ್ ಕರೆಂಟು, ಅಂದರೆ ಫೇಸ್ ಲೋಹದ ಬಾಡಿಗೆ ತಾಗಿದಾಗ ಹರಿಯುವ ಕರೆಂಟು, ಹೋಗುವ ದಾರಿಯೇ ಬೇರೆ. ನಿಮ್ಮಲ್ಲಿ ಅದು ಮಣ್ಣಿನ ಮೂಲಕ ಹೋಗುತ್ತದೆ, ತಮ್ಮನ ಫ್ಲ್ಯಾಟಿನಲ್ಲಿ ತಾಮ್ರ ಮತ್ತು ಕಬ್ಬಿಣದ ಮೂಲಕ. 38 ಅನ್ನುವುದು ಹಳ್ಳಿಯ ಮನೆಗೆ ಅಚ್ಚರಿಯ ಸಂಖ್ಯೆ ಏನಲ್ಲ. ನಿಮ್ಮಲ್ಲಿ ಗಾಬರಿ ಆಗಬೇಕಾದ ವಿಷಯ ಬೈಪಾಸ್ ಆಗಿರುವ ಆರ್‌ಸಿಸಿಬಿ.

ಲೂಪ್ ಅಂದರೆ ಕರೆಂಟು ಹೊರಟ ಕಡೆಗೇ ವಾಪಸ್ ಬರುವ ಪೂರ್ತಿ ಸುತ್ತು. ಕರೆಂಟು ಭೂಮಿಗೆ ಹೋಗಿ ಅಲ್ಲೇ ಇಂಗಿಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಟಿಸಿಯ ವೈಂಡಿಂಗಿನಿಂದ ಹೊರಟ ಕರೆಂಟು ಟಿಸಿಗೇ ವಾಪಸ್ ಸೇರಬೇಕು. ನಿಮ್ಮ ಮನೆಯಲ್ಲಿ ಗೀಸರಿನ ಬಾಡಿಗೆ ಫೇಸ್ ತಾಗಿದರೆ ಕರೆಂಟು ಹೀಗೆ ಸುತ್ತುತ್ತದೆ: ಟಿಸಿ ವೈಂಡಿಂಗ್, ಕಂಬದ ಮೇಲಿನ ಫೇಸ್ ತಂತಿ, ಸರ್ವಿಸ್ ವೈರ್, ಮೀಟರ್, ಗೀಸರಿನವರೆಗಿನ ಫೇಸ್ ವೈರ್, ತಾಗಿದ ಜಾಗ, ಗೀಸರಿನ ಬಾಡಿ, ಅರ್ಥ್ ವೈರ್, ಮನೆಯ ಅರ್ಥ್ ಪಿಟ್, ಆಮೇಲೆ 400 ಮೀಟರ್ ಮಣ್ಣು, ಟಿಸಿ ಬುಡದಲ್ಲಿರುವ ನ್ಯೂಟ್ರಲ್ ಅರ್ಥ್ ಪಿಟ್, ಅಲ್ಲಿಂದ ಮತ್ತೆ ವೈಂಡಿಂಗ್. ಈ ಸುತ್ತಿನ ಒಟ್ಟು ತಡೆಯೇ ಟೆಸ್ಟರಿನಲ್ಲಿ ಬಂದ 38 ಓಂ. ಇದಕ್ಕೆ ಲೂಪ್ ಇಂಪೀಡೆನ್ಸ್ ಅಂತ ಹೆಸರಿದ್ದರೂ ಮನೆಯ ಸಣ್ಣ ವೈರುಗಳಿಗೆ ಮತ್ತು ಮಣ್ಣಿಗೆ ಬರೀ ರೆಸಿಸ್ಟೆನ್ಸ್ ಅಂತ ಲೆಕ್ಕ ಹಿಡಿದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

ಈಗ ಒಂದೊಂದಾಗಿ ಬಿಡಿಸೋಣ. ನಿಮ್ಮ ಮನೆಯ ವೈರಿನ ಅಳತೆ ನೀವು ಬರೆದಿಲ್ಲ, ಹಾಗಾಗಿ ಊರ ಕಡೆ ಸಾಮಾನ್ಯವಾಗಿ ಸಿಗುವ ಅಳತೆ ಇಟ್ಟುಕೊಳ್ಳುತ್ತೇನೆ. ನಿಮ್ಮದನ್ನು ಹಾಕಿ ತಿದ್ದಿಕೊಳ್ಳಿ.

ಟಿಸಿ 63 ಕೆವಿಎ, ಇಂಪೀಡೆನ್ಸ್ 4.5 ಶೇಕಡಾ ಅಂದುಕೊಳ್ಳಿ. 433 ವೋಲ್ಟಿನ ವರ್ಗವನ್ನು 63,000ದಿಂದ ಭಾಗಿಸಿ 0.045ರಿಂದ ಗುಣಿಸಿದರೆ 0.13 ಓಂ. ಕಂಬದ ಮೇಲಿನ ವೀಸಲ್ ಅನ್ನುವ ಅಳತೆಯ ಅಲ್ಯೂಮಿನಿಯಂ ತಂತಿ ಕಿಲೋಮೀಟರಿಗೆ ಸುಮಾರು 0.9 ಓಂ, 400 ಮೀಟರಿಗೆ 0.36. ಸರ್ವಿಸ್ ವೈರ್ 6 ಚದರ ಮಿಲಿಮೀಟರಿನ ಅಲ್ಯೂಮಿನಿಯಂ, ಕಿಲೋಮೀಟರಿಗೆ 4.61 ಓಂ, 30 ಮೀಟರಿಗೆ 0.14. ಬೋರ್ಡಿನಿಂದ ಗೀಸರಿಗೆ 18 ಮೀಟರ್ ಅಂದರೆ, 2.5 ಚದರ ಮಿಲಿಮೀಟರ್ ತಾಮ್ರದ ಫೇಸ್ ವೈರ್ ಕಿಲೋಮೀಟರಿಗೆ 7.41 ಓಂ ಲೆಕ್ಕದಲ್ಲಿ 0.13. ಅದರ ಜೊತೆಗಿನ 1.5ರ ಅರ್ಥ್ ವೈರ್ ಕಿಲೋಮೀಟರಿಗೆ 12.1 ಓಂ, ಅಂದರೆ 0.22. ಬೋರ್ಡಿನಿಂದ ಪಿಟ್‌ವರೆಗಿನ ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ 10 ಮೀಟರಿಗೆ ಸುಮಾರು 0.1. ಎಲ್ಲ ಕೂಡಿಸಿ. ಹೆಚ್ಚು ಕಡಿಮೆ 1.1 ಓಂ.

ಟೆಸ್ಟರ್ ತೋರಿಸಿದ್ದು 38. ಉಳಿದ 37 ಓಂ ಎಲ್ಲಿಂದ ಬಂತು? ಮಣ್ಣಿನಿಂದ. ಟಿಸಿ ಕಡೆಯ ಪಿಟ್‌ಗೆ 3 ಓಂ ಅಂತ ಬಿಟ್ಟರೆ ನಿಮ್ಮ ಮನೆಯ ಪಿಟ್ ಒಂದೇ 34 ಓಂ. ಹಾಗಾದರೆ ಅರ್ಥ್ ವೈರ್ ದಪ್ಪ ಮಾಡಿಸಿದರೆ ನಿಮ್ಮಲ್ಲಿ ಏನು ಉಳಿತಾಯ? 0.22ರಲ್ಲಿ ಒಂದಿಷ್ಟು. ಅದು ಲೆಕ್ಕಕ್ಕೇ ಬರುವುದಿಲ್ಲ.

ಈಗ ಎಲಿಮೆಂಟ್ ಪೂರ್ತಿ ಬಾಡಿಗೆ ತಾಗಿತು ಅಂದುಕೊಳ್ಳಿ. 230 ವೋಲ್ಟನ್ನು 38ರಿಂದ ಭಾಗಿಸಿ. 6 ಆಂಪಿಯರ್. ನಿಮ್ಮ ಎಂಸಿಬಿಗೆ ಇದೊಂದು ಲೋಡೇ ಅಲ್ಲ. 2 ಕಿಲೋವ್ಯಾಟ್ ಗೀಸರ್ ದಿನಾ ತಗೊಳ್ಳುವುದೇ ಸುಮಾರು 9 ಆಂಪಿಯರ್. ಎರಡೂ ಸೇರಿದರೂ 15. ಹಾಗಾಗಿ ಎಂಸಿಬಿ ಕೆಟ್ಟಿಲ್ಲ. ಅದಕ್ಕೆ ಬೀಳಲು ಕಾರಣವೇ ಸಿಗಲಿಲ್ಲ, ಅಷ್ಟೆ. ಆ 6 ಆಂಪಿಯರ್ ನಿಲ್ಲದೆ ಮಣ್ಣಿಗೆ ಹರಿಯುತ್ತಲೇ ಇರುತ್ತದೆ. ಗಂಟೆಗೆ ಸುಮಾರು 1.4 ಯೂನಿಟ್ ಮೀಟರ್ ಓಡುತ್ತದೆ. ಕಾರಣವಿಲ್ಲದೆ ಬಿಲ್ ಏರಿದೆ ಅಂತ ಬರುವ ದೂರುಗಳಲ್ಲಿ ಕೆಲವು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಬಿಲ್ ಹಾಳಾಗಿ ಹೋಗಲಿ. ಆ 6 ಆಂಪಿಯರ್ ನಿಮ್ಮ 34 ಓಂ ಪಿಟ್ ಮೂಲಕ ಹೋಗುವಾಗ ಅಲ್ಲಿ ಎಷ್ಟು ವೋಲ್ಟೇಜ್ ನಿಲ್ಲುತ್ತದೆ? ಆರು ಸಲ ಮೂವತ್ತನಾಲ್ಕು. 200 ವೋಲ್ಟ್ ದಾಟುತ್ತದೆ. ಗೀಸರಿನ ಬಾಡಿಯ ಮೇಲೆ ಅಷ್ಟು ವೋಲ್ಟೇಜ್ ಕೂತಿರುತ್ತದೆ. ಮುಟ್ಟಿದರೆ 50 ವೋಲ್ಟ್ ಮೀರಬಾರದು ಅನ್ನುವುದು ಸಾಮಾನ್ಯ ಮಿತಿ, ಬಚ್ಚಲಿನಂಥ ಒದ್ದೆ ಜಾಗದಲ್ಲಿ ಅದೂ ಜಾಸ್ತಿಯೇ. ಒದ್ದೆ ಮೈಯ ತಡೆ ಸಾವಿರ ಓಂ ಆಸುಪಾಸು ಅಂತ ಹಿಡಿದರೆ ಮೈಯೊಳಗೆ ಹಾಯುವುದು 200 ಮಿಲಿ ಆಂಪಿಯರ್. ಎದೆಯ ಮೂಲಕ ಹಾದರೆ ಹೃದಯದ ಬಡಿತ ತಪ್ಪಲು ಅದರ ಕಾಲು ಭಾಗ ಸಾಕು.

ಇನ್ನೊಂದು ಸಂಗತಿ ತುಂಬಾ ಜನರಿಗೆ ಹೊಳೆಯುವುದಿಲ್ಲ. ಮನೆಯ ಎಲ್ಲ ಅರ್ಥ್ ವೈರುಗಳೂ ಬೋರ್ಡಿನಲ್ಲಿ ಒಂದೇ ಪಟ್ಟಿಗೆ ಸೇರುತ್ತವೆ. ಗೀಸರಿನ ಬಾಡಿ 200 ವೋಲ್ಟಿಗೆ ಏರಿದರೆ ಫ್ರಿಜ್ಜಿನ ಬಾಡಿ, ವಾಷಿಂಗ್ ಮಷೀನಿನ ಬಾಡಿ, ಗ್ರೈಂಡರಿನ ಬಾಡಿ ಎಲ್ಲವೂ ಅದೇ 200ಕ್ಕೆ ಏರುತ್ತವೆ. ಗೀಸರ್ ಕೆಟ್ಟಿದೆ, ಶಾಕ್ ಹೊಡೆದದ್ದು ಫ್ರಿಜ್ ಅನ್ನುವ ಗೊಂದಲ ಹುಟ್ಟುವುದು ಹೀಗೆ. ಒಬ್ಬರು ಫ್ರಿಜ್ ರಿಪೇರಿಗೆ ಕೊಟ್ಟು, ಅದರಲ್ಲಿ ಏನೂ ಇಲ್ಲ ಅಂತ ವಾಪಸ್ ತಂದು, ಮತ್ತೆ ಶಾಕ್ ತಿಂದದ್ದನ್ನು ನೋಡಿದ್ದೇನೆ.

ಈಗ ಫ್ಲ್ಯಾಟಿನ 0.6. ಇಷ್ಟು ಕಡಿಮೆ ಬಂದಿದೆ ಅಂದರೆ ಆ ಕಟ್ಟಡಕ್ಕೆ ಸ್ವಂತ ಟ್ರಾನ್ಸ್‌ಫಾರ್ಮರ್ ಇದ್ದು, ಅದರ ನ್ಯೂಟ್ರಲ್ ಬಿಂದುವಿನಿಂದಲೇ ಅರ್ಥ್ ಪಟ್ಟಿ ಪ್ರತಿ ಮಹಡಿಗೂ ಹೋಗಿರಬೇಕು. ಫಾಲ್ಟ್ ಕರೆಂಟು ಮಣ್ಣಿಗೆ ಇಳಿಯದೆ ಲೋಹದಲ್ಲೇ ವಾಪಸ್ ಆಗುತ್ತದೆ. ಅಲ್ಲಿ ಎಂಸಿಬಿ ಲೆಕ್ಕ ನಿಜಕ್ಕೂ ಕೆಲಸ ಮಾಡುತ್ತದೆ. ಲೆಕ್ಕ ಇಷ್ಟೆ: 230ನ್ನು ಎಂಸಿಬಿ ತಕ್ಷಣ ಬೀಳಲು ಬೇಕಾದ ಕರೆಂಟಿನಿಂದ ಭಾಗಿಸಿ. ಲೂಪ್ ಇಂಪೀಡೆನ್ಸ್ ಅದಕ್ಕಿಂತ ಕಡಿಮೆ ಇರಬೇಕು. ಬಿ ಮಾದರಿ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿನೊಳಗೆ ತಕ್ಷಣ ಬೀಳುತ್ತದೆ, ಸಿ ಮಾದರಿ 5ರಿಂದ 10 ಪಟ್ಟಿನೊಳಗೆ. ನಾವು ಯಾವಾಗಲೂ ಮೇಲಿನ ತುದಿಯನ್ನೇ ಹಿಡಿಯಬೇಕು. ಸಿ 20ಕ್ಕೆ 200 ಆಂಪಿಯರ್ ಬೇಕು, ಅಂದರೆ 1.15 ಓಂ ಒಳಗಿರಬೇಕು. ಸಿ 16ಕ್ಕೆ 1.44 ಓಂ. ಬಿ 16ಕ್ಕೆ 2.87 ಓಂ. ಸಿ 32ಕ್ಕೆ 0.72 ಓಂ.

ತಮ್ಮನಿಗೆ ಇಲ್ಲಿ ಒಂದು ಸೂಕ್ಷ್ಮ ಹೇಳಿ. ಟೆಸ್ಟರ್ ಹಿಡಿದಾಗ ವೈರುಗಳು ತಣ್ಣಗಿರುತ್ತವೆ. ಪೂರ್ತಿ ಲೋಡಿನಲ್ಲಿ ತಾಮ್ರ 70 ಡಿಗ್ರಿಯವರೆಗೆ ಬಿಸಿಯಾದರೆ ತಡೆ ಐದರಲ್ಲಿ ಒಂದು ಭಾಗ ಏರುತ್ತದೆ. ಅದಕ್ಕೇ ಅಳೆದ ಸಂಖ್ಯೆ ಮಿತಿಯ 80 ಶೇಕಡಾ ಒಳಗೆ ಇರಲಿ ಅನ್ನುವ ರೂಢಿ. ಸಿ 20ರ ಮಿತಿ ಆಗ 0.92. ಅವನ 0.6 ಆರಾಮಾಗಿ ಪಾಸು. ಆದರೆ ಅದೇ ಫ್ಲ್ಯಾಟಿನಲ್ಲಿ ಇಂಡಕ್ಷನ್ ಒಲೆಗೋ ದೊಡ್ಡ ಎಸಿಗೋ ಸಿ 32 ಹಾಕಿದ್ದರೆ, 0.72ರ 80 ಶೇಕಡಾ ಅಂದರೆ 0.58. ಅಲ್ಲಿ 0.6 ಕೂದಲೆಳೆಯಲ್ಲಿ ಫೇಲು. ಆ ಸರ್ಕ್ಯೂಟಿನ ಪ್ಲಗ್ಗಿನಲ್ಲೇ ಬೇರೆಯಾಗಿ ಅಳೆಯಬೇಕು. ಒಂದೇ ಮನೆಯಲ್ಲಿ ಪ್ರತಿ ಸರ್ಕ್ಯೂಟಿಗೂ ಸಂಖ್ಯೆ ಬೇರೆ, ಅತಿ ದೂರದ ಪ್ಲಗ್ಗೇ ಲೆಕ್ಕಕ್ಕೆ. ಎಂಸಿಬಿಯನ್ನು ಬಿ ಮಾದರಿಗೆ ಬದಲಿಸುವುದು, ಅರ್ಥ್ ವೈರ್ ದಪ್ಪ ಮಾಡುವುದು ಎರಡೂ ಅಲ್ಲಿ ಸಹಾಯಕ್ಕೆ ಬರುತ್ತವೆ. ಆದರೆ ಎಸಿ ಶುರುವಾಗುವಾಗ ಎಳೆಯುವ ಕರೆಂಟಿಗೆ ಬಿ ಮಾದರಿ ಸುಮ್ನೆ ಬೀಳುವ ಸಾಧ್ಯತೆ ಇದೆ. ಅದನ್ನು ನೋಡಿಕೊಂಡು ಬದಲಿಸಬೇಕು. ನೋ-ಟ್ರಿಪ್ ಮೋಡಿನಲ್ಲಿ (ಆರ್‌ಸಿಸಿಬಿ ಬೀಳದ ಹಾಗೆ ತೀರಾ ಸಣ್ಣ ಕರೆಂಟಿನಲ್ಲಿ) ಅಳೆದಿದ್ದರೆ ಇಂಥ ಸಣ್ಣ ಸಂಖ್ಯೆಯಲ್ಲಿ ದಶಾಂಶದ ಒಂದೆರಡು ಅಂಕಿ ಆಚೀಚೆ ಆಗುತ್ತದೆ ಅನ್ನುವುದೂ ನೆನಪಿರಲಿ.

ಈಗ ನಿಮಗೆ ಬಂದ ಸಲಹೆಗಳು.

ಬಲ್ಬಿನ ಪರೀಕ್ಷೆಯಿಂದ ಶುರು ಮಾಡೋಣ, ಯಾಕೆಂದರೆ ಇದರ ಮೇಲಿನ ನಂಬಿಕೆ ಬಹಳ ಗಟ್ಟಿ. 100 ವ್ಯಾಟಿನ ಹಳೇ ಬಲ್ಬಿನ ತಡೆ ಉರಿಯುವಾಗ ಸುಮಾರು 530 ಓಂ. ಅದರ ಜೊತೆ ನಿಮ್ಮ 38 ಓಂ ಸೇರಿಸಿ. 0.4 ಆಂಪಿಯರ್ ಹರಿಯುತ್ತದೆ, ಲೂಪಿನಲ್ಲಿ 15 ವೋಲ್ಟ್ ಕಳೆದು ಬಲ್ಬಿಗೆ 215 ವೋಲ್ಟ್ ಸಿಗುತ್ತದೆ. ಚೆನ್ನಾಗೇ ಉರಿಯುತ್ತದೆ. ಲೂಪ್ 100 ಓಂ ಇದ್ದರೂ ಬಲ್ಬಿಗೆ 190 ದಾಟುತ್ತದೆ, ಬೆಳಕು ಸ್ವಲ್ಪ ಮಂಕು ಅಷ್ಟೆ. ಎಲ್ಇಡಿ ಬಲ್ಬ್ ಹಾಕಿದರಂತೂ ಅದೂ ಗೊತ್ತಾಗುವುದಿಲ್ಲ. ಬಲ್ಬ್ ಉರಿದರೆ ದಾರಿ ಪೂರ್ತಿ ಕಡಿದುಹೋಗಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ, ದಾರಿ ಎಷ್ಟು ಅಗಲ ಅಂತ ಗೊತ್ತಾಗುವುದಿಲ್ಲ. ಇದರಲ್ಲಿ ಅಪಾಯವೂ ಇದೆ. ಪಿಟ್‌ಗೆ ಹೋಗುವ ತಂತಿ ತುಕ್ಕು ಹಿಡಿದು ತುಂಡಾಗಿದ್ದರೆ ಬಲ್ಬಿನ ಮೂಲಕ ಮನೆಯ ಎಲ್ಲ ಬಾಡಿಗೂ ಫೇಸ್ ಹೋಗುತ್ತದೆ. ಆ ಹೊತ್ತಿಗೆ ಯಾರೋ ಫ್ರಿಜ್ ಬಾಗಿಲು ತೆಗೆಯುತ್ತಿರಬಹುದು.

ಲೂಪ್ ಟೆಸ್ಟರ್ ಮಾಡುವುದೂ ಹತ್ತಿರ ಹತ್ತಿರ ಇದನ್ನೇ, ಆದರೆ ಅಳೆದು ಮಾಡುತ್ತದೆ. ಮೊದಲು ವೋಲ್ಟೇಜ್ ನೋಡುತ್ತದೆ, ಕ್ಷಣ ಹೊತ್ತು ಫೇಸ್‌ಗೂ ಅರ್ಥ್‌ಗೂ ನಡುವೆ ಗೊತ್ತಿರುವ ಲೋಡ್ ಹಾಕಿ ಮತ್ತೆ ನೋಡುತ್ತದೆ. ಎಷ್ಟು ವೋಲ್ಟ್ ಕುಸಿಯಿತೋ ಅದನ್ನು ಹರಿದ ಕರೆಂಟಿನಿಂದ ಭಾಗಿಸಿದರೆ ಓಂ. ಇದನ್ನು ಮಲ್ಟಿಮೀಟರಿನ ಓಂ ಮೋಡಿನಲ್ಲಿ ಮಾಡಲು ಹೋಗಬೇಡಿ. ಕರೆಂಟು ಇರುವ ಪ್ಲಗ್ಗಿಗೆ ಅದನ್ನು ಚುಚ್ಚಿದರೆ ಮೀಟರ್ ಸುಡುವುದರ ಜೊತೆ ಕೈಗೂ ಪೆಟ್ಟಾಗಬಹುದು.

ಎರಡನೆಯದು, ಪಿಟ್ ಹಾಕಿಸಿ ಒಂದು ಓಂಗೆ ಇಳಿಸುವ ಮಾತು. ನಮ್ಮ ಅರ್ಥಿಂಗ್ ಸಂಹಿತೆ ಐಎಸ್ 3043ರಲ್ಲಿ ಪೈಪ್ ಅರ್ಥಿಂಗಿನ ಸೂತ್ರ ಇದೆ. 2.5 ಮೀಟರ್ ಉದ್ದ, 40 ಮಿಲಿಮೀಟರ್ ವ್ಯಾಸದ ಪೈಪಿಗೆ ಅದನ್ನು ಬಿಡಿಸಿದರೆ, ಮಣ್ಣಿನ ರೆಸಿಸ್ಟಿವಿಟಿಯನ್ನು (ಆ ಮಣ್ಣು ಕರೆಂಟಿಗೆ ಒಡ್ಡುವ ತಡೆಯ ಗುಣ, ಓಂ-ಮೀಟರಿನಲ್ಲಿ) 0.35ರಿಂದ ಗುಣಿಸಿದಷ್ಟು ಓಂ ಬರುತ್ತದೆ. ಮಣ್ಣು 100 ಓಂ-ಮೀಟರ್ ಇದ್ದರೆ 35 ಓಂ. ನಿಮ್ಮ 34ಕ್ಕೆ ಎಷ್ಟು ಹತ್ತಿರ ನೋಡಿ! ಅಂದರೆ ನಿಮ್ಮ ಪಿಟ್ ಕೆಟ್ಟ ಕೆಲಸವೇನಲ್ಲ. ಆ ಮಣ್ಣಿನಲ್ಲಿ ಒಂದು ಪೈಪು ಕೊಡುವುದೇ ಅಷ್ಟು. ಬಯಲು ಸೀಮೆಯ ಕರಿ ಎರೆ ಮಣ್ಣಿನಲ್ಲಿ ಇದೇ ಪೈಪು ಇದರ ಒಂದು ಪಾಲು ತೋರಿಸುತ್ತದೆ. ಕೆಳಗೆ ಬಂಡೆ ಇರುವ ಜಾಗದಲ್ಲಿ ನೂರು ದಾಟುತ್ತದೆ.

ಪೈಪ್ ದಪ್ಪ ಮಾಡಿದರೆ? 40ರ ಬದಲು 80 ಮಿಲಿಮೀಟರ್ ಹಾಕಿದರೂ ಸೂತ್ರದಲ್ಲಿ ಇಳಿಯುವುದು ಎಂಟರಲ್ಲಿ ಒಂದು ಭಾಗ. ಆಳ 5 ಮೀಟರ್ ಮಾಡಿದರೆ 35 ಓಂ ಸುಮಾರು 20ಕ್ಕೆ ಬರುತ್ತದೆ. ದುಡ್ಡು ಹಾಕುವುದಾದರೆ ಆಳಕ್ಕೆ ಹಾಕಿ. ಕೆಮಿಕಲ್ ಪುಡಿಯೂ ಪವಾಡ ಮಾಡುವುದಿಲ್ಲ. ಸುತ್ತ ಒಂದು ಅಡಿ ವ್ಯಾಸಕ್ಕೆ ಪುಡಿ ತುಂಬಿ, ಅದು ಲೋಹದಷ್ಟೇ ಕರೆಂಟು ಹರಿಸುತ್ತದೆ ಅಂತ ಧಾರಾಳವಾಗಿ ಒಪ್ಪಿಕೊಂಡರೂ ಸೂತ್ರ ಕೊಡುವುದು 22 ಓಂ. ಅದರಾಚೆಗೆ ಮತ್ತೆ ನಿಮ್ಮ ತೋಟದ ಮಣ್ಣೇ ಅಲ್ವಾ? ಪುಡಿಯ ನಿಜವಾದ ಲಾಭ ಅಂದರೆ ಬೇಸಿಗೆಯಲ್ಲಿ ತೇವ ಹಿಡಿದಿಡುತ್ತದೆ, ಸಂಖ್ಯೆ ಋತುವಿನ ಜೊತೆ ಕುಣಿಯುವುದು ಕಡಿಮೆಯಾಗುತ್ತದೆ. ಉಪ್ಪು, ಇದ್ದಿಲು ಹಾಕಿದ ಪಿಟ್ ಮೊದಮೊದಲು ಚೆನ್ನಾಗಿ ತೋರಿಸುತ್ತದೆ. ಆಮೇಲೆ ಮಳೆಗೆ ಉಪ್ಪು ತೊಳೆದುಹೋಗುತ್ತದೆ, ಜಿಐ ಪೈಪಿಗೆ ತುಕ್ಕೂ ಬೇಗ ಹಿಡಿಯುತ್ತದೆ. ಇನ್ನು ಅಳೆಯುವ ಮುಂಚೆ ಪಿಟ್‌ಗೆ ಎರಡು ಕೊಡ ನೀರು ಸುರಿದು ಸಂಖ್ಯೆ ಇಳಿಸಿ ತೋರಿಸುವವರಿದ್ದಾರೆ. ಅದನ್ನು ಒಪ್ಪಬೇಡಿ.

ಮೂರು ಪಿಟ್ ಹಾಕಿ, ಪೈಪಿನ ಉದ್ದದ ಎರಡು ಪಟ್ಟು ಅಂತರ ಬಿಟ್ಟು ಜೋಡಿಸಿದಿರಿ ಅಂದುಕೊಳ್ಳಿ. ಮನೆ ಕಡೆ 12 ಓಂಗೆ ಇಳಿಯಬಹುದು. ಟಿಸಿ ಕಡೆಯ 3, ತಂತಿಗಳ 1.1 ಸೇರಿ 16. ಫಾಲ್ಟ್ ಕರೆಂಟು 14 ಆಂಪಿಯರ್. ಸಿ 20 ತಕ್ಷಣ ಬೀಳಲು ಬೇಕಾದದ್ದು 200. ಹತ್ತು ಪಿಟ್ ಹಾಕಿದರೂ ಅಷ್ಟೆ. ನಿಮ್ಮ ಪಿಟ್ ಸೊನ್ನೆ ಓಂ ಆದರೂ ಟಿಸಿ ಬುಡದ 3 ಓಂ ಲೂಪಿನಲ್ಲಿ ಉಳಿದೇ ಉಳಿಯುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಜೊತೆಗೆ ಸಂಜೆ ಪಂಪುಗಳು ಓಡುವಾಗ ವೋಲ್ಟೇಜ್ 190ಕ್ಕೆ ಕುಸಿದರೆ ಫಾಲ್ಟ್ ಕರೆಂಟು ಇನ್ನೂ ಕಡಿಮೆ. ಮಣ್ಣಿನ ಮೂಲಕ ಸುತ್ತುವ ಲೂಪಿನಲ್ಲಿ ಎಂಸಿಬಿಯಿಂದ ಶಾಕ್ ರಕ್ಷಣೆ ಸಿಗುವುದೇ ಇಲ್ಲ. ಇದು ನಿಮ್ಮ ಮನೆಯ ದೋಷವಲ್ಲ, ಆ ವ್ಯವಸ್ಥೆಯ ಸ್ವಭಾವ. ಇದನ್ನು ಒಪ್ಪಿಕೊಂಡರೆ ಸಾವಿರಾರು ರೂಪಾಯಿ ಗುಂಡಿ ತೋಡುವುದಕ್ಕೆ ಹಾಕುವುದು ತಪ್ಪುತ್ತದೆ.

ಮೂರನೆಯದು, ನ್ಯೂಟ್ರಲ್‌ಗೆ ಅರ್ಥ್ ಸೇರಿಸುವ ಸಲಹೆ. ಇದನ್ನು ದಯವಿಟ್ಟು ಮಾಡಬೇಡಿ, ಯಾರಾದರೂ ಮಾಡಿದ್ದರೆ ಇವತ್ತೇ ಬಿಡಿಸಿ. ಸೇರಿಸಿದರೆ ಎಂಸಿಬಿ ಬೀಳುತ್ತದೆ ಅನ್ನುವುದು ನಿಜ, ಯಾಕೆಂದರೆ ಫಾಲ್ಟ್ ಕರೆಂಟಿಗೆ ನ್ಯೂಟ್ರಲ್ ತಂತಿಯ ಲೋಹದ ದಾರಿ ಸಿಗುತ್ತದೆ. ಸಲಹೆ ಕೊಡುವವರು ನೋಡಿರುವುದು ಅಷ್ಟನ್ನೇ. ಕಂಬದ ಮೇಲೆ ನ್ಯೂಟ್ರಲ್ ತುಂಡಾದ ದಿನ ಏನಾಗುತ್ತದೆ ಅಂತ ನೋಡಿ. ಗಾಳಿ ಮಳೆಗೆ ತೆಂಗಿನ ಗರಿ ಬಿದ್ದರೆ ಸಾಕು, ನಿಮ್ಮ ಕಡೆ ಇದು ಅಪರೂಪವಲ್ಲ. ಆಗ ಫೇಸ್ ನಿಮ್ಮ ಟಿವಿ, ಫ್ಯಾನು, ಬಲ್ಬುಗಳ ಮೂಲಕ ಹಾದು ನ್ಯೂಟ್ರಲ್ ಪಟ್ಟಿಗೆ ಬರುತ್ತದೆ. ಮುಂದೆ ಹೋಗಲು ದಾರಿ ಇಲ್ಲ. ಸೇರಿಸಿದ ಆ ತುಂಡು ವೈರಿನಿಂದ ಅರ್ಥ್‌ಗೆ ಬರುತ್ತದೆ. ಯಾವ ವಸ್ತುವೂ ಕೆಟ್ಟಿಲ್ಲ, ಆದರೂ ಮನೆಯ ಪ್ರತಿಯೊಂದು ಲೋಹದ ಬಾಡಿಯಲ್ಲೂ ಕರೆಂಟು. ನಿಮ್ಮಿಂದ ಮುಂದಿನ ಮನೆಗಳೂ ಅದೇ ಲೈನಿನಲ್ಲಿದ್ದರೆ ಅವರ ಲೋಡಿನ ಕರೆಂಟೂ ನಿಮ್ಮ ಪಿಟ್ ಹುಡುಕಿಕೊಂಡು ಬರುತ್ತದೆ. ಬ್ರಿಟನ್ನಿನಂಥ ಕಡೆ ನ್ಯೂಟ್ರಲ್‌ನಿಂದಲೇ ಮನೆಗೆ ಅರ್ಥ್ ಕೊಡುವ ಪದ್ಧತಿ ಇದೆ ಅಂತ ಕೆಲವರು ವಾದಿಸುತ್ತಾರೆ. ಅಲ್ಲಿ ವಿದ್ಯುತ್ ಕಂಪನಿಯೇ ನ್ಯೂಟ್ರಲ್ಲನ್ನು ದಾರಿಯುದ್ದಕ್ಕೂ ಹಲವು ಕಡೆ ಅರ್ಥ್ ಮಾಡಿ, ತುಂಡಾಗದಂತೆ ನೋಡಿಕೊಳ್ಳುವ ಹೊಣೆ ಹೊತ್ತು ಕೊಡುತ್ತದೆ. ಬೋರ್ಡಿನಲ್ಲಿ ನಾವು ಒಂದು ತುಂಡು ವೈರ್ ಹಾಕಿದರೆ ಅದು ಆಗುವುದಿಲ್ಲ.

ಉಳಿದದ್ದು ನೀವು ಬೈಪಾಸ್ ಮಾಡಿಸಿದ ಆರ್‌ಸಿಸಿಬಿ. ನಿಮ್ಮ ಮನೆಯಲ್ಲಿ ಜೀವ ಉಳಿಸುವ ಕೆಲಸ ಅದರದ್ದು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ 0.3 ಸೆಕೆಂಡಿನೊಳಗೆ ಬೀಳಬೇಕು, ಅದರ ಐದು ಪಟ್ಟು ಕಂಡರೆ 0.04 ಸೆಕೆಂಡಿನೊಳಗೆ. ನಿಮ್ಮ 6 ಆಂಪಿಯರ್ ಅದರ ಇನ್ನೂರು ಪಟ್ಟು. ಎಂಸಿಬಿಗೆ ಏನೂ ಅಲ್ಲದ ಕರೆಂಟು ಇದಕ್ಕೆ ದೊಡ್ಡ ಹೊಡೆತ. ಈಗ ಜುಮ್ ಅನ್ನಿಸುವ ಸೋರಿಕೆಯಲ್ಲೇ, ಅಂದರೆ ಎಲಿಮೆಂಟ್ ಪೂರ್ತಿ ಕೆಡುವ ಮುಂಚೆಯೇ, ಅದು ಬಿದ್ದು ನಿಮಗೆ ತಿಳಿಸಿರುತ್ತಿತ್ತು.

ಇದರ ಲೆಕ್ಕವೂ ಸುಲಭ. ಪಿಟ್‌ನ ಓಂ ಮತ್ತು ಆರ್‌ಸಿಸಿಬಿ ಬೀಳುವ ಕರೆಂಟು ಗುಣಿಸಿದರೆ 50 ವೋಲ್ಟ್ ಒಳಗಿರಬೇಕು. 34 ಓಂ, 0.03 ಆಂಪಿಯರ್. ಬಂದದ್ದು ಒಂದು ವೋಲ್ಟ್! ಸೂತ್ರದ ಪ್ರಕಾರ 30 ಮಿಲಿ ಆಂಪಿಯರಿಗೆ 1,667 ಓಂವರೆಗೂ ನಡೆಯುತ್ತದೆ. ಆದರೆ ಅಷ್ಟರವರೆಗೆ ಬಿಡಬಾರದು. 200 ಓಂ ಮೀರಿದ ಪಿಟ್ ಒಣಗಿದಾಗ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಬ್ರಿಟನ್ನಿನ ವೈರಿಂಗ್ ನಿಯಮಗಳೂ 200 ದಾಟಿದರೆ ಸ್ಥಿರವಲ್ಲ ಅಂತಲೇ ಎಚ್ಚರಿಸುತ್ತವೆ. ನಿಮ್ಮ 34 ಈ ಲೆಕ್ಕದಲ್ಲಿ ಒಳ್ಳೆಯ ಸಂಖ್ಯೆ. ಬೇಸಿಗೆಯಲ್ಲಿ ಎರಡು ಪಟ್ಟಾದರೂ ತೊಂದರೆ ಇಲ್ಲ.

ಮಳೆ ಬಂದಾಗೆಲ್ಲ ಬೀಳುತ್ತಿತ್ತು ಅಂದಿರಿ. ಅದು ಸುಮ್ನೆ ಬೀಳುತ್ತಿರಲಿಲ್ಲ. ಹೊರಗಿನ ಯಾವುದೋ ಜಾಗಕ್ಕೆ ನೀರು ಹೋಗುತ್ತಿದೆ. ಗೇಟ್ ಲೈಟಿನ ಹೋಲ್ಡರ್, ಕೊಟ್ಟಿಗೆಯ ಸ್ವಿಚ್ ಬೋರ್ಡ್, ತೋಟಕ್ಕೆ ಎಳೆದ ವೈರಿನ ಟೇಪ್ ಸುತ್ತಿದ ಜಾಯಿಂಟ್, ಟೆರೇಸಿನ ಪ್ಲಗ್. ಮೊದಲು ಇವನ್ನು ಹುಡುಕಿಸಿ. ಮಳೆಗೂ ಸಂಬಂಧವಿಲ್ಲದೆ ಬಿದ್ದರೆ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿದೆಯಾ, ಎಲ್ಲಾದರೂ ನ್ಯೂಟ್ರಲ್ ಅರ್ಥ್‌ಗೆ ತಾಗಿದೆಯಾ, ಯುಪಿಎಸ್ ಲೈನಿನ ನ್ಯೂಟ್ರಲ್ ಆರ್‌ಸಿಸಿಬಿಯ ತಪ್ಪು ಬದಿಗೆ ಹೋಗಿದೆಯಾ ಅಂತ ನೋಡಬೇಕು. ಯುಪಿಎಸ್ ಹಾಕುವಾಗ ಈ ಗೊಂದಲ ತುಂಬಾ ಆಗುತ್ತದೆ.

ಹೊಸದಾಗಿ ಹಾಕಿಸುವಾಗ ಒಂದೇ ಆರ್‌ಸಿಸಿಬಿಗೆ ಇಡೀ ಮನೆ ಕಟ್ಟಿದರೆ ಖರ್ಚು ಕಡಿಮೆ, ಆದರೆ ಗೇಟ್ ಲೈಟಿಗೆ ನೀರು ಹೋದರೆ ಫ್ರಿಜ್ಜೂ ಆಫ್. ಬೇಸತ್ತು ಮತ್ತೆ ಬೈಪಾಸ್ ಮಾಡುತ್ತೀರಿ, ನನಗೆ ಇದೇ ಭಯ. ಎರಡು ಹಾಕಿಸಿ. ಹೊರಗಿನ ಲೈಟು, ಕೊಟ್ಟಿಗೆ, ಟೆರೇಸ್ ಒಂದಕ್ಕೆ. ಒಳಗಿನದು ಇನ್ನೊಂದಕ್ಕೆ. ದುಡ್ಡಿದ್ದರೆ ಗೀಸರಿಗೆ ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಸೇರಿದ ಆರ್‌ಸಿಬಿಒ ಪ್ರತ್ಯೇಕ. ಇವೆಲ್ಲ 30 ಮಿಲಿ ಆಂಪಿಯರಿನವೇ ಇರಲಿ. ಇವುಗಳ ಹಿಂದೆ ಮೇನ್‌ನಲ್ಲಿ 100 ಮಿಲಿ ಆಂಪಿಯರಿನ, ಸ್ವಲ್ಪ ತಡವಾಗಿ ಬೀಳುವ ಎಸ್ ಮಾದರಿ ಹಾಕಿದರೆ ಇನ್ನೂ ಒಳ್ಳೆಯದು. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ವೋಲ್ಟೇಜಿನ ಹಂಗಿಲ್ಲದೆ ಕೆಲಸ ಮಾಡುವ ಮಾದರಿಯನ್ನೇ ಕೇಳಿ. ಕೆಲವು ಅಗ್ಗದ ಎಲೆಕ್ಟ್ರಾನಿಕ್ ಮಾದರಿಗಳಿಗೆ ಕೆಲಸ ಮಾಡಲು ನ್ಯೂಟ್ರಲ್ ಬೇಕು, ನ್ಯೂಟ್ರಲ್ ತುಂಡಾದ ಹೊತ್ತಿನಲ್ಲೇ ಅವು ಸುಮ್ಮನಾಗುತ್ತವೆ. ಇನ್ವರ್ಟರ್ ಎಸಿ, ಇನ್ವರ್ಟರ್ ವಾಷಿಂಗ್ ಮಷೀನ್ ಇದ್ದರೆ ‘ಎಸಿ’ ಅಂತ ಗುರುತಿರುವ ಮಾದರಿಗಿಂತ ‘ಎ’ ಮಾದರಿ ಆರ್‌ಸಿಸಿಬಿ ಸರಿ.

ಆರ್‌ಸಿಸಿಬಿಗೂ ಮಿತಿ ಇದೆ. ಒಂದು ಕೈ ಫೇಸ್ ಮೇಲೆ, ಇನ್ನೊಂದು ನ್ಯೂಟ್ರಲ್ ಮೇಲೆ ಇಟ್ಟರೆ ಅದಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಓವರ್‌ಲೋಡಿಗೂ ಶಾರ್ಟ್ ಸರ್ಕ್ಯೂಟಿಗೂ ಅದು ಬೀಳುವುದಿಲ್ಲ, ಎಂಸಿಬಿ ಬೇಕೇ ಬೇಕು. ಮೀಟರಿನಿಂದ ಆರ್‌ಸಿಸಿಬಿವರೆಗಿನ ವೈರಿಗೆ ಅದರ ರಕ್ಷಣೆ ಇಲ್ಲ. ಆ ವೈರ್ ಬೋರ್ಡಿನ ಕಬ್ಬಿಣಕ್ಕೆ ಉಜ್ಜಿದರೆ ಮೇಲೆ ಹೇಳಿದ 200 ವೋಲ್ಟಿನ ಕಥೆಯೇ. ಅದಕ್ಕೆ ಬೋರ್ಡ್ ಪ್ಲಾಸ್ಟಿಕ್ಕಿನದಾಗಿರಲಿ, ಆ ವೈರ್ ಗಿಡ್ಡವಾಗಿದ್ದು ಪೈಪಿನೊಳಗೆ ಹೋಗಲಿ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬಿದ್ದರೆ ಒಳಗಿನ ಯಂತ್ರ ಸರಿ ಇದೆ ಅಂತ ಅಷ್ಟೇ ಅರ್ಥ. ಮನೆಗೆ ಅರ್ಥಿಂಗ್ ಇಲ್ಲದಿದ್ದರೂ ಆ ಬಟನ್ನಿಗೆ ಅದು ಬೀಳುತ್ತದೆ. ಬಟನ್ ನೋಡಿ ಅರ್ಥಿಂಗ್ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಹಾಗಾದರೆ ಪಿಟ್ ಕೆಲಸ ಬೇಡವೇ ಬೇಡವಾ? ಇನ್ನೊಂದು ಪಿಟ್ ಹಾಕಿಸುವುದು ಒಳ್ಳೆಯದೇ, ಕಾರಣ ಬೇರೆ. ಒಂದೇ ಪಿಟ್, ಅದಕ್ಕೊಂದೇ ಜಿಐ ತಂತಿ ಇದ್ದಾಗ ನೆಲಮಟ್ಟದಲ್ಲಿ ಬೋಲ್ಟ್ ತುಕ್ಕು ಹಿಡಿದು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡಿದ್ದರೆ ಒಂದು ಹೋದರೂ ಇನ್ನೊಂದು ಉಳಿದಿರುತ್ತದೆ. ಮೊದಲು ಆರ್‌ಸಿಸಿಬಿ, ಆಮೇಲೆ ಎರಡನೇ ಪಿಟ್. ದುಡ್ಡು ಒಂದಕ್ಕೇ ಇದ್ದರೆ ಯೋಚಿಸದೆ ಆರ್‌ಸಿಸಿಬಿ.

ನೀವು ಕೇಳಿಲ್ಲ, ಆದರೂ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಡಬ್ಬಿ ನೋಡಿಸಿ. ಒದ್ದೆ ಕೈ, ಬರಿಗಾಲು, ಕಬ್ಬಿಣದ ಡಬ್ಬಿ ಮೂರೂ ಸೇರುವ ಜಾಗ ಅದು. ಅದರೊಳಗಿನ ಓವರ್‌ಲೋಡ್ ರಿಲೇ ಮೋಟರ್ ಉಳಿಸಲು ಇರುವುದು, ನಿಮ್ಮನ್ನು ಉಳಿಸಲು ಅಲ್ಲ. ಎಂಸಿಬಿ ಲೆಕ್ಕ ಅಲ್ಲೂ ಇದೇ, ಇನ್ನೂ ದೊಡ್ಡ ರೇಟಿಂಗ್ ಆದ್ದರಿಂದ ಇನ್ನೂ ಕಷ್ಟ. ತ್ರೀ ಫೇಸ್ ಮೋಟರಿಗೆ ನಾಲ್ಕು ಪೋಲಿನ ಆರ್‌ಸಿಸಿಬಿ ಸಿಗುತ್ತದೆ. ಉದ್ದದ ಕೇಬಲಿನಲ್ಲಿ ಸಹಜವಾಗಿ ಒಂದಿಷ್ಟು ಸೋರಿಕೆ ಇರುವುದರಿಂದ ಅಲ್ಲಿ 30 ಪದೇ ಪದೇ ಬಿದ್ದರೆ 100 ಮಿಲಿ ಆಂಪಿಯರಿನದು ಹಾಕಿಸಿ. 34 ಓಂ ಇದ್ದರೆ 3.4 ವೋಲ್ಟ್, ಬಾಡಿಯ ಮೇಲೆ ಅಪಾಯದ ವೋಲ್ಟೇಜ್ ನಿಲ್ಲುವುದಿಲ್ಲ. ಆದರೆ ಕಿತ್ತುಹೋದ ಫೇಸ್ ವೈರನ್ನೇ ನೇರವಾಗಿ ಮುಟ್ಟಿದವರನ್ನು 30ರಷ್ಟು ಚೆನ್ನಾಗಿ 100 ಕಾಯುವುದಿಲ್ಲ. ಹಾಗಾಗಿ ಮೊದಲು 30 ಹಾಕಿ ನೋಡಿ. ಸ್ಟಾರ್ಟರ್ ಡಬ್ಬಿಯ ಅರ್ಥ್ ಬೋಲ್ಟಿಗೆ ನಿಜವಾಗಿ ವೈರ್ ಬಂದಿದೆಯಾ ಅಂತ ಮುಚ್ಚಳ ತೆಗೆಸಿ ಕಣ್ಣಾರೆ ನೋಡಿ, ಆಮೇಲೆ ಅಲ್ಲೂ ಲೂಪ್ ಟೆಸ್ಟರ್ ಹಿಡಿಸಿ. ಈ ಅಳತೆಗಳನ್ನು ಏಪ್ರಿಲ್‌ನಲ್ಲಿ, ಪಿಟ್‌ಗೆ ನೀರು ಹಾಕದೆ ಮಾಡಿಸಿ. ಸಂಖ್ಯೆ ಮತ್ತು ತಾರೀಕು ಬೋರ್ಡಿನ ಬಾಗಿಲ ಒಳಗೆ ಬರೆಸಿಡಿ. ಮುಂದಿನ ಬೇಸಿಗೆಯಲ್ಲಿ 38 ಇದ್ದದ್ದು 150 ಆಗಿದ್ದರೆ ಪಿಟ್ ತಂತಿಯ ಬೋಲ್ಟ್ ಬಿಚ್ಚಿ ನೋಡುವ ಕೆಲಸ ಬಂದಿದೆ ಅಂತ ಅರ್ಥ.